ಹರಿಕಾರನ ದಾರಿ: ಅರೆಕೆರೆಯ ಸೀಮೆಯ ಕಾಡುಹಾದಿಗಳೂ ಮೈಸೂರಿನ ಅಂಚೆಯೂ

೧

ರಾಜರ ಚರಿತ್ರೆಯನ್ನು ಶಾಸನಗಳಿಂದಲೂ ಕವಿಗಳ ಚರಿತ್ರೆಯನ್ನು ಅವರ ಕೃತಿಗಳ ಪೀಠಿಕಾಪದ್ಯಗಳಿಂದಲೂ ನಮ್ಮ ವಿದ್ವಾಂಸರು ಬಹು ಶ್ರಮದಿಂದ ಕಟ್ಟಿಕೊಟ್ಟಿದ್ದಾರೆ. ಆದರೆ ರಾಜನ ಆಜ್ಞೆಯನ್ನು ಒಂದೂರಿನಿಂದ ಇನ್ನೊಂದೂರಿಗೆ ಹೊತ್ತು ಓಡಿದವನು ಯಾರು, ಅವನು ಓಡಿದ ದಾರಿ ಎಂತಹುದು, ಆ ದಾರಿಯನ್ನು ಅವನ ಕಾಲದ ಜನರು ಯಾವ ಮಾನದಿಂದ ಅಳೆದರು ಎಂಬ ಪ್ರಶ್ನೆಗಳನ್ನು ನಾವು ಅಷ್ಟಾಗಿ ಕೇಳಿದವರಲ್ಲ. ಆಜ್ಞೆಯು ಕಲ್ಲಿನ ಮೇಲೆ ಉಳಿಯಿತು; ಅದನ್ನು ತಂದವನ ಹೆಜ್ಜೆಯು ಮಣ್ಣಿನ ಮೇಲೆ ಅಳಿಯಿತು. ಹೀಗಿರುವುದರಿಂದ ಹರಿಕಾರನ ಚರಿತ್ರೆಯನ್ನು ನೇರವಾಗಿ ಬರೆಯುವುದು ಕಷ್ಟ. ಊರ ಹೆಸರುಗಳು, ದೂರದ ಮಾನಗಳು, ಭಾಷೆಯಲ್ಲಿ ಉಳಿದಿರುವ ಮಾತುಗಳು, ಪರಸ್ಥಳದವರ ಬರಹಗಳು, ಇವುಗಳಿಂದ ಅದನ್ನು ಆರಿಸಿ ತೆಗೆಯಬೇಕಾಗುವುದು.

ಪ್ರಕೃತ ಲೇಖನದಲ್ಲಿ ಬೆಂಗಳೂರಿನ ದಕ್ಷಿಣಕ್ಕೆ ಬನ್ನೇರುಘಟ್ಟದ ರಸ್ತೆಯಲ್ಲಿರುವ ಅರೆಕೆರೆಯೆಂಬ ಊರನ್ನು ನಡುವೆ ಇಟ್ಟುಕೊಂಡು ಈ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡಲು ಯತ್ನಿಸಿದೆ. ಈ ಊರನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಇದು ಕೋಟೆಗೂ ಕಾಡಿಗೂ ನಡುವಣ ನೆಲ. ಇದರ ಉತ್ತರಕ್ಕೆ ಪೇಟೆ. ದಕ್ಷಿಣಕ್ಕೆ ಕಾವೇರಿಯ ದಿಕ್ಕಿನವರೆಗೂ ಹಬ್ಬಿರುವ ಹಳೆಯ ಅರಣ್ಯ. ಪೇಟೆಯಿಂದ ಹೊರಟ ಸುದ್ದಿಯು ಕಾಡನ್ನು ಹೊಗುವ ಮುನ್ನ ಹಾಯಬೇಕಾದ ಹೊಲ, ಕೆರೆ, ತೋಪುಗಳು ಇಲ್ಲಿಯವು.

೨

ಅರೆಕೆರೆಯು ಬೇಗೂರು ಹೋಬಳಿಯ ಒಂದು ಗ್ರಾಮ. ಬೆಂಗಳೂರಿನ ಹಳೆಯ ಕೋಟೆಯಿಂದ ಇಲ್ಲಿಗೆ ಎರಡು ಹರದಾರಿಗಿಂತ ಸ್ವಲ್ಪ ಹೆಚ್ಚು. ಇಲ್ಲಿಂದ ಬನ್ನೇರುಘಟ್ಟಕ್ಕೆ ಮತ್ತೆ ಸುಮಾರು ಅಷ್ಟೇ ದೂರ. ಕೆಂಪೇಗೌಡರ ವಂಶದವರು ಕಟ್ಟಿಸಿದರೆಂಬ ಪ್ರತೀತಿಯುಳ್ಳ ಗೋಪುರವು ಲಾಲ್‌ಬಾಗಿನ ಬಂಡೆಯ ಮೇಲೆ ನಿಂತಿದೆ. ಅದನ್ನು ಊರಿನ ಎಲ್ಲೆಯೆಂದು ಹಿಡಿದರೆ ಅರೆಕೆರೆಯು ಬಹುಕಾಲ ಆ ಎಲ್ಲೆಯಿಂದ ಬಹಳ ಹೊರಗಿದ್ದ ಹಳ್ಳಿಯೆಂಬುದು ಸ್ಪಷ್ಟ.

ಹೆಸರಿನ ವಿಚಾರವನ್ನು ಸ್ವಲ್ಪ ನೋಡಬೇಕು. ‘ಅರೆ’ ಎಂದರೆ ಅರ್ಧವೆಂದು ತಿಳಿದು, ಅರ್ಧ ಕಟ್ಟಿ ಬಿಟ್ಟ ಕೆರೆ ಅಥವಾ ಅರ್ಧ ತುಂಬುವ ಕೆರೆ ಎಂದು ಅರ್ಥಮಾಡುವುದು ಸುಲಭ. ಆದರೆ ಹಳಗನ್ನಡದಲ್ಲಿ ಎರಡು ಬೇರೆ ಶಬ್ದಗಳಿದ್ದುವು: ಸಾಧಾರಣ ರೇಫೆಯುಳ್ಳ ‘ಅರೆ’ಗೆ ಅರ್ಧವೆಂದೂ, ಶಕಟರೇಫೆಯುಳ್ಳ ‘ಅಱೆ’ಗೆ ಬಂಡೆ, ಹಾಸುಗಲ್ಲು ಎಂದೂ ಅರ್ಥ. ತಮಿಳಿನಲ್ಲಿಯೂ ಈ ಎರಡರ ಭೇದವು ಬರಹದಲ್ಲಿ ಉಳಿದಿದೆ. ಕನ್ನಡದಲ್ಲಿ ಱಕಾರವು ರಕಾರದಲ್ಲಿ ಲೀನವಾದ ಮೇಲೆ ಅರ್ಧಕ್ಕೂ ಬಂಡೆಗೂ ಒಂದೇ ರೂಪ ಬಂದಿತು. ಅರೆಕೆರೆಯ ಸುತ್ತಣ ನೆಲವೆಲ್ಲ ಕರಿಬಿಳಿಯ ಕಣಶಿಲೆಯ ಬಂಡೆಗಳಿಂದ ತುಂಬಿದುದು. ಪಕ್ಕದ ಹುಳಿಮಾವಿನಲ್ಲಿ ಬಂಡೆಯ ಗವಿಯೊಳಗೆ ದೇವಾಲಯವೇ ಇದೆ. ಆದುದರಿಂದ ‘ಬಂಡೆಯ ಮಗ್ಗುಲಲ್ಲಿ ಕಟ್ಟಿದ ಕೆರೆ’ ಎಂಬ ಅರ್ಥವು ‘ಅರ್ಧ ಕೆರೆ’ಗಿಂತ ನೆಲದ ಲಕ್ಷಣಕ್ಕೆ ಹೆಚ್ಚು ಒಪ್ಪುವುದೆಂದು ತೋರುತ್ತದೆ. ಱಕಾರದ ಭೇದವು ಅಳಿಯುವುದಕ್ಕೆ ಮುಂಚಿನ ಶಾಸನವೊಂದರಲ್ಲಿ ಈ ಹೆಸರು ದೊರೆತರೆ ಒಂದು ಅಕ್ಷರದಿಂದಲೇ ವಾದವು ತೀರಿಹೋಗುವುದು.

ಈ ದಾರಿಯ ಊರುಗಳ ಹೆಸರುಗಳನ್ನು ಉತ್ತರದಿಂದ ದಕ್ಷಿಣಕ್ಕೆ ಒಂದಾದ ಮೇಲೊಂದರಂತೆ ಹೇಳಿಕೊಂಡು ಹೋದರೆ ಬಿಳೇಕಹಳ್ಳಿ, ಅರೆಕೆರೆ, ಹುಳಿಮಾವು, ಕಾಳೇನ ಅಗ್ರಹಾರ, ಗೊಟ್ಟಿಗೆರೆ, ಬಸವನಪುರ, ಕೊನೆಗೆ ಬನ್ನೇರುಘಟ್ಟ ಎಂದಾಗುವುದು. ಹಳ್ಳಿ, ಕೆರೆ, ಮಾವಿನ ಮರ, ಅಗ್ರಹಾರ, ಮತ್ತೆ ಕೆರೆ, ಪುರ, ಘಟ್ಟ! ನೀರು ಎಲ್ಲಿದೆ, ನೆರಳು ಎಲ್ಲಿದೆ, ಮನುಷ್ಯವಾಸ ಎಲ್ಲಿ ಮುಗಿಯುವುದು, ಏರು ಎಲ್ಲಿ ತೊಡಗುವುದು ಎಂಬುದನ್ನೆಲ್ಲ ಹೆಸರುಗಳೇ ಹೇಳುತ್ತವೆ. ಓದುಬರಹವಿಲ್ಲದ ಹರಿಕಾರನಿಗೆ ಬೇರೆ ನಕಾಶೆಯು ಬೇಕಾಗಿರಲಿಲ್ಲ. ಊರ ಹೆಸರುಗಳನ್ನು ಕೇವಲ ವ್ಯುತ್ಪತ್ತಿಗಾಗಿ ಬಿಡಿಬಿಡಿಯಾಗಿ ಪರೀಕ್ಷಿಸುವ ನಮ್ಮ ವಾಡಿಕೆಯನ್ನು ಬಿಟ್ಟು, ದಾರಿಯ ಮೇಲೆ ಸಾಲಾಗಿ ಇಟ್ಟು ಓದಿದರೆ ಇಂತಹ ಲಾಭವುಂಟೆಂದು ವಾಚಕರಲ್ಲಿ ಬಿನ್ನವಿಸುತ್ತೇನೆ.

೩

ಈ ಸೀಮೆಯ ಪ್ರಾಚೀನತೆಗೆ ಸಾಕ್ಷಿ ಬೇಗೂರು. ಅಲ್ಲಿಯ ನಾಗೇಶ್ವರ ದೇವಾಲಯದ ಆವರಣದಲ್ಲಿ ದೊರೆತ, ಕ್ರಿ. ಶ. ಒಂಬತ್ತನೆಯ ಶತಮಾನದ ಕೊನೆಯ ಸುಮಾರಿನ ಗಂಗರ ಕಾಲದ ವೀರಗಲ್ಲೊಂದರಲ್ಲಿ ‘ಬೆಂಗಳೂರ’ ಕಾಳಗದ ಉಲ್ಲೇಖವಿರುವುದು ವಿದ್ವಾಂಸರಿಗೆಲ್ಲ ತಿಳಿದ ವಿಷಯ. ೧೫೩೭ ರಲ್ಲಿ ಕೆಂಪೇಗೌಡನು ಪೇಟೆಯನ್ನು ಕಟ್ಟುವುದಕ್ಕೆ ಆರುನೂರು ವರ್ಷಗಳಿಗೂ ಹಿಂದೆಯೇ ಆ ಹೆಸರು ಇದ್ದಿತೆಂಬುದಕ್ಕೆ ಈ ಕಲ್ಲನ್ನು ಎತ್ತಿ ತೋರಿಸುವುದುಂಟು. ಪ್ರಕೃತಕ್ಕೆ ಅದರ ಇನ್ನೊಂದು ಮುಖ ಮುಖ್ಯ. ಬೆಂಗಳೂರಿನಲ್ಲಿ ಕಾಳಗವಾಯಿತು, ಅಲ್ಲಿ ಸತ್ತವನಿಗೆ ಕಲ್ಲು ನಿಂತುದು ಬೇಗೂರಿನಲ್ಲಿ. ಅಂದ ಮೇಲೆ ಸಾವಿನ ಸುದ್ದಿಯು ರಣದಿಂದ ಊರಿಗೆ ಬಂದಿತು; ಯಾರೋ ಒಬ್ಬನು ಅದನ್ನು ತಂದನು. ಕಲ್ಲಿನಲ್ಲಿ ಸತ್ತವನ ಹೆಸರುಂಟು, ಅವನ ಒಡೆಯನ ಹೆಸರುಂಟು. ಸುದ್ದಿ ತಂದವನ ಹೆಸರಿಲ್ಲ. ನಾವು ಹುಡುಕುವ ಮನುಷ್ಯನು ಈ ಸೀಮೆಯ ಚರಿತ್ರೆಯೊಳಗೆ ಮೊದಲು ಕಾಲಿಡುವುದೇ ಹೀಗೆ, ಹೆಸರಿಲ್ಲದೆ.

ಬೇಗೂರಿನ ಇನ್ನೊಂದು ಪ್ರಸಿದ್ಧವಾದ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಎರೆಯಪ್ಪನ ಆಜ್ಞೆಯಂತೆ ನಾಗತ್ತರನು ತುಂಬೆಪಾಡಿಯಲ್ಲಿ ಕಾದಿ ಮಡಿದುದನ್ನೂ, ಆ ಬಳಿಕ ನಾಗತ್ತರಪಟ್ಟವನ್ನು ಕಟ್ಟಿ ‘ಬೆಂಪೂರು ಹನ್ನೆರಡು’ ಎಂಬ ಊರುಗಳ ಗುಂಪನ್ನು ಇರುಗನಿಗೆ ಕೊಟ್ಟುದನ್ನೂ ಅದು ಹೇಳುತ್ತದೆ. ಬೆಂಪೂರು ಎಂಬುದು ಬೇಗೂರಿನ ಹಳೆಯ ಹೆಸರು. ಹನ್ನೆರಡು ಊರುಗಳನ್ನು ಒಂದು ಆಡಳಿತದ ಘಟಕವಾಗಿ ನಡಸಬೇಕಾದರೆ ಅವುಗಳ ನಡುವೆ ಹಾದಿಗಳಿರಬೇಕು, ಆ ಹಾದಿಗಳಲ್ಲಿ ಓಲೆ ಒಯ್ಯುವವರಿರಬೇಕು. ಮುಂದೆ ೧೨೪೭ ರಲ್ಲಿ, ಉತ್ತರಕ್ಕಿರುವ ಮಡಿವಾಳದ ಸೋಮೇಶ್ವರ ದೇವಾಲಯದ ತಮಿಳು ಶಾಸನವು ವೆಂಗಳೂರಿನ ಹಿರಿಯ ಕೆರೆಯ ಕೆಳಗಣ ಭೂಮಿಯನ್ನು ಹೆಸರಿಸುತ್ತದೆ. ಕೆರೆ, ಗದ್ದೆ, ಗುಡಿ, ಇವು ಒಂದಕ್ಕೊಂದು ಸೇರಿದ ಜೀವನವು ಇಲ್ಲಿ ಅಂದಿಗೇ ನೆಲೆಗೊಂಡಿದ್ದಿತು. ಅದರ ದಕ್ಷಿಣದ ಅಂಚಿನಲ್ಲಿ ಕಾಡು ನಿಂತಿದ್ದಿತು.

೪

ಇನ್ನು ಮಾತುಗಳ ವಿಚಾರ. ನಮ್ಮ ಭಾಷೆಯಲ್ಲಿ ಓಟದ ದೂತನಿಗೆ ಸೇರಿದ ನಾಲ್ಕು ಮಾತುಗಳು ಪರೀಕ್ಷೆಗೆ ಯೋಗ್ಯವಾದುವು: ಓಲೆಕಾರ, ಹರಿಕಾರ, ಅಂಚೆ, ಹರದಾರಿ.

ಓಲೆಕಾರನು ತಾಳೆಯ ಓಲೆಯನ್ನು ಹೊತ್ತವನು, ಅರ್ಥವು ನಿಚ್ಚಳವಾಗಿದೆ. ಹರಿಕಾರ ಶಬ್ದವು ಪಾರಸಿಯ ‘ಹರ್‌ಕಾರಾ’ ಎಂಬುದರಿಂದ ಬಂದುದು. ಎಲ್ಲ ಕೆಲಸಕ್ಕೂ ಒದಗುವವನು ಎಂದು ಅದರ ಮೂಲಾರ್ಥ. ಆದರೆ ಕನ್ನಡದಲ್ಲಿ ‘ಹರಕಾರ’ನು ‘ಹರಿಕಾರ’ನಾದುದು ಆಕಸ್ಮಿಕವಲ್ಲವೆಂದು ನನ್ನ ಎಣಿಕೆ. ಹಳಗನ್ನಡದ ‘ಪರಿ’ ಎಂಬ ಧಾತುವಿಗೆ ಓಡು, ಹರಿದುಹೋಗು ಎಂದರ್ಥ. ಪಕಾರವು ಹಕಾರವಾದ ಮೇಲೆ ಅದೇ ‘ಹರಿ’. ಹೊರಗಿನಿಂದ ಬಂದ ಶಬ್ದವನ್ನು ಕನ್ನಡದ ಕಿವಿಯು ತನ್ನ ಧಾತುವಿಗೆ ಹೊಂದಿಸಿಕೊಂಡು, ಎಲ್ಲ ಕೆಲಸದವನನ್ನು ಓಡುವವನನ್ನಾಗಿ ಮಾಡಿತು. ಇಂದಿನ ಬರಹದಲ್ಲಿ ಹರಿಕಾರನೆಂದರೆ ಹೊಸದೊಂದನ್ನು ಮೊದಲು ತಂದವನು. ನವೋದಯದ ಹರಿಕಾರ, ಸಹಕಾರದ ಹರಿಕಾರ ಎಂದು ದೊಡ್ಡವರನ್ನು ಹೊಗಳುವುದಕ್ಕೆ ಈ ಮಾತನ್ನು ಬಳಸುತ್ತೇವೆ. ಬರಿಗಾಲಿನ ಬಡವನೊಬ್ಬನ ಕಸುಬಿನ ಹೆಸರು ಹೀಗೆ ಬಿರುದಾಗಿ ಏರಿದೆ. ಬಿರುದನ್ನು ಹೊತ್ತವರಿಗೂ ಹೊಗಳುವವರಿಗೂ ಆ ಮೂಲದವನ ನೆನಪು ಮಾತ್ರ ಇಲ್ಲ.

‘ಅಂಚೆ’ಯ ವಿಚಾರದಲ್ಲಿ ಮತಭೇದಕ್ಕೆ ಅವಕಾಶವಿದೆ. ಹಳಗನ್ನಡ ಕಾವ್ಯಗಳಲ್ಲಿ ಅಂಚೆಯೆಂದರೆ ಹಂಸಪಕ್ಷಿ; ಹಂಸ ಶಬ್ದದ ತದ್ಭವ. ನಳದಮಯಂತಿಯರ ಕಥೆಯಲ್ಲಿ ಹಂಸವೇ ದೂತನಾದುದರಿಂದ, ಕನಕದಾಸರ ನಳಚರಿತ್ರೆಯನ್ನು ಓದಿ ಬೆಳೆದ ನಾಡಿನಲ್ಲಿ ಸುದ್ದಿಯ ವ್ಯವಸ್ಥೆಗೆ ಆ ಹಕ್ಕಿಯ ಹೆಸರು ಬಂದಿತೆಂದು ಹೇಳುವುದು ಬಹು ರಮ್ಯವಾಗಿದೆ. ಆದರೆ ರಮ್ಯವಾದುದೆಲ್ಲ ಸತ್ಯವಾಗಬೇಕಾದುದಿಲ್ಲ. ತಿರುವಾಂಕೂರಿನಲ್ಲಿ ಇದೇ ವ್ಯವಸ್ಥೆಗೆ ‘ಅಂಚಲ್’ ಎಂದು ಹೆಸರಿದ್ದಿತು. ಅಲ್ಲಿಯ ಭಾಷೆಯಲ್ಲಿ ಹಂಸಕ್ಕೆ ‘ಅನ್ನಂ’ ಎಂಬುದೇ ರೂಢಿ. ಅಂಚೆ ಅಂಚಲ್‌ಗಳೆರಡಕ್ಕೂ ಒಂದೇ ಮೂಲವಾದರೆ ಹಂಸವನ್ನು ಬಿಟ್ಟು ಬೇರೆ ಕಡೆ ಹುಡುಕಬೇಕಾಗುವುದು. ಹಕ್ಕಿಯ ಹೆಸರೂ ವ್ಯವಸ್ಥೆಯ ಹೆಸರೂ ಬೇರೆಬೇರೆಯಾಗಿ ಹುಟ್ಟಿ ಧ್ವನಿಯಿಂದ ಮಾತ್ರ ಒಂದಾದುವೆಂಬುದೇ ಸದ್ಯಕ್ಕೆ ಸುರಕ್ಷಿತವಾದ ಅಭಿಪ್ರಾಯ.

‘ಹರದಾರಿ’ಯು ಇವೆಲ್ಲಕ್ಕಿಂತ ಕುತೂಹಲಕರವಾದುದು. ಸುಮಾರು ಮೂರು ಮೈಲಿಯ ದೂರಕ್ಕೆ ಹರದಾರಿಯೆಂದು ಹಿಂದಿನವರು ಹೇಳುತ್ತಿದ್ದರು. ನಾಲ್ಕು ಹರದಾರಿಗೆ ಒಂದು ಗಾವುದ. ‘ಹರಿದಾರಿ’ ಎಂಬ ರೂಪವೂ ಉಂಟು. ಇದನ್ನು ‘ಹರಿ’ ಮತ್ತು ‘ದಾರಿ’ ಎಂದು ಬಿಡಿಸಿದರೆ, ಒಬ್ಬನು ಒಂದು ಉಸಿರಿನ ಕೆಲಸವಾಗಿ ಓಡಬಹುದಾದ ದಾರಿ ಎಂಬ ಅರ್ಥ ಹೊರಡುವುದು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಮಾರ್ಕೋಪೋಲೋ ಎಂಬ ವೆನಿಸ್ ನಗರದ ಯಾತ್ರಿಕನು ಚೀನದ ಸಾರ್ವಭೌಮನ ಕಾಲಾಳು ದೂತರನ್ನು ವರ್ಣಿಸುತ್ತ, ಮೂರು ಮೈಲಿಗೊಂದರಂತೆ ಅವರ ಠಾಣೆಗಳಿದ್ದುವೆಂದೂ ಅವರು ಸೊಂಟಕ್ಕೆ ಗೆಜ್ಜೆಗಳ ಪಟ್ಟಿಯನ್ನು ಕಟ್ಟಿಕೊಳ್ಳುತ್ತಿದ್ದರೆಂದೂ ಬರೆದಿದ್ದಾನೆ. ಚೀನದ ಠಾಣೆಗೂ ಕನ್ನಡದ ಹರದಾರಿಗೂ ಐತಿಹಾಸಿಕವಾದ ಸಂಬಂಧವನ್ನು ಕಲ್ಪಿಸುವುದು ನನ್ನ ಉದ್ದೇಶವಲ್ಲ. ಮನುಷ್ಯನ ಕಾಲು ಎಲ್ಲ ದೇಶದಲ್ಲಿಯೂ ಒಂದೇ. ಅದು ದಣಿಯುವ ದೂರವೂ ಹೆಚ್ಚುಕಡಮೆ ಒಂದೇ ಆಗಿರಬಹುದು ಎಂಬಷ್ಟೇ ಹೇಳುತ್ತೇನೆ. ಹಳೆಯ ಗ್ರಂಥದಲ್ಲಾಗಲಿ ಶಾಸನದಲ್ಲಾಗಲಿ ‘ಪರಿದಾರಿ’ ಎಂಬ ಪೂರ್ವರೂಪವು ದೊರೆತರೆ ಈ ಊಹೆಯು ಸಿದ್ಧಾಂತವಾಗುವುದು. ಅಲ್ಲಿಯವರೆಗೆ ಇದು ಊಹೆಯೇ.

ದೂರವನ್ನು ದೂತನ ಕಾಲಿನಿಂದ ಲೆಕ್ಕಹಾಕುವುದು ನಮ್ಮ ದೇಶದಲ್ಲಿ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮಧ್ಯಮ ದರ್ಜೆಯ ದೂತನಿಗೆ ಯೋಜನವೊಂದಕ್ಕೆ ಹತ್ತು ಪಣ, ಹತ್ತು ಯೋಜನ ಮೀರಿದ ಮೇಲೆ ನೂರು ಯೋಜನದವರೆಗೆ ಇಮ್ಮಡಿ ಎಂದು ವೇತನವನ್ನು ವಿಧಿಸಿದೆ. ಮೊದಲ ಹತ್ತು ಯೋಜನಗಳ ದಣಿವೂ ಅನಂತರದ ಯೋಜನಗಳ ದಣಿವೂ ಒಂದೇ ಅಲ್ಲವೆಂಬುದನ್ನು ಆ ಶಾಸ್ತ್ರಕಾರನು ಬಲ್ಲವನಾಗಿದ್ದನು.

೫

ಹದಿನಾಲ್ಕನೆಯ ಶತಮಾನದಲ್ಲಿ ದೆಹಲಿಯ ಮಹಮ್ಮದ್ ಬಿನ್ ತುಘಲಕನ ಆಸ್ಥಾನದಲ್ಲಿದ್ದ ಇಬನ್ ಬತೂತನು ಓಟದ ಅಂಚೆಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಪ್ರತಿ ಮೈಲಿಯನ್ನೂ ಮೂರು ಭಾಗಮಾಡಿ, ಭಾಗವೊಂದಕ್ಕೆ ಒಂದು ಠಾಣೆಯಂತೆ ಊರ ಹೊರಗೆ ಗುಡಾರಗಳಿದ್ದುವು. ಓಟಗಾರನ ಒಂದು ಕೈಯಲ್ಲಿ ಕಾಗದ. ಇನ್ನೊಂದು ಕೈಯಲ್ಲಿ ತುದಿಗೆ ತಾಮ್ರದ ಗೆಜ್ಜೆ ಕಟ್ಟಿದ ಎರಡು ಮೊಳದ ಕೋಲು. ಗೆಜ್ಜೆಯ ಸದ್ದು ಕೇಳಿದೊಡನೆ ಮುಂದಿನ ಠಾಣೆಯವನು ಎದ್ದು ಸೊಂಟಕಟ್ಟಿ ನಿಲ್ಲುವನು. ಈ ಕಾಲಾಳಿನ ಅಂಚೆಯು ಕುದುರೆಯ ಅಂಚೆಗಿಂತ ವೇಗವಾದುದೆಂದೂ, ಖುರಾಸಾನದ ಹಣ್ಣುಗಳನ್ನೂ, ದೌಲತಾಬಾದಿನಲ್ಲಿದ್ದಾಗ ಸುಲ್ತಾನನು ಕುಡಿಯುವ ಗಂಗೆಯ ನೀರನ್ನೂ ಈ ರೀತಿಯಲ್ಲಿ ಸಾಗಿಸುತ್ತಿದ್ದರೆಂದೂ ಅವನು ಹೇಳುತ್ತಾನೆ. ಕುದುರೆಗಿಂತ ಮನುಷ್ಯನು ಬೇಗ ಹೋದನೆಂಬುದು ಮೊದಲು ಕೇಳಿದವರಿಗೆ ನಂಬಲರಿದಾಗಿ ತೋರಬಹುದು. ಆದರೆ ಕೈಬದಲಿಸುವ ಓಟದಲ್ಲಿ ದಣಿದವನು ಓಡುವುದೇ ಇಲ್ಲ. ಪ್ರತಿಯೊಂದು ತುಂಡು ದಾರಿಯನ್ನೂ ದಣಿಯದವನೇ ಓಡುತ್ತಾನೆ. ವ್ಯವಸ್ಥೆಯ ಗುಟ್ಟು ಇಷ್ಟೇ.

ಮೈಸೂರಿನಲ್ಲಿ ಕ್ರಮವಾದ ಅಂಚೆಯನ್ನು ಸ್ಥಾಪಿಸಿದವರು ಚಿಕ್ಕದೇವರಾಜ ಒಡೆಯರು. ಅದಕ್ಕೆ ಸಾಮಾನ್ಯವಾಗಿ ೧೬೭೨ ನೆಯ ವರ್ಷವನ್ನು ಹೇಳುವರು. ಆ ದೊರೆಯ ಆಳ್ವಿಕೆಯನ್ನು ರೈಸರು ೧೬೭೨ ರಿಂದ ಎಣಿಸಿದ್ದಾರೆ; ಹಯವದನರಾಯರ ಗಣನೆಯಂತೆ ಪಟ್ಟವಾದುದು ೧೬೭೩ ರಲ್ಲಿ. ಹೀಗಾಗಿ ಅಂಚೆಯ ಆರಂಭದ ವರ್ಷವು ನಿಜವಾಗಿ ಆಳ್ವಿಕೆಯ ಆರಂಭದ ವರ್ಷವೇ ಆಗಿದ್ದು, ದೊರೆಯ ಸುಧಾರಣೆಗಳೆಲ್ಲಕ್ಕೂ ಒಟ್ಟಾಗಿ ಹಚ್ಚಿದ ಮೊದಲ ತೇದಿಯೆಂದು ತಿಳಿಯುವುದು ಯುಕ್ತ. ನಮ್ಮ ಸೀಮೆಗಂತೂ ಅದು ಇನ್ನೂ ತಡವಾಗಿ ಬಂದಿರಬೇಕು. ಬೆಂಗಳೂರು ೧೬೮೭ ರವರೆಗೆ ಮರಾಠರ ಕೈಯಲ್ಲಿದ್ದಿತು. ಆ ವರ್ಷ ಮೊಗಲರ ಸೇನಾನಿ ಕಾಸಿಂಖಾನನು ಅದನ್ನು ಹಿಡಿದ ಮೇಲೆ ಮೂರು ಲಕ್ಷ ರೂಪಾಯಿಗಳಿಗೆ ಚಿಕ್ಕದೇವರಾಜರ ವಶಕ್ಕೆ ಬಂದಿತು. ಆದುದರಿಂದ ಮೈಸೂರಿನ ಅಂಚೆಯವನು ಬೆಂಗಳೂರಿನ ಸುತ್ತಣ ದಾರಿಗಳಲ್ಲಿ ಓಡತೊಡಗಿದುದು ೧೬೮೭ ಕ್ಕೆ ಮುಂಚೆ ಇರಲಾರದು.

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಬೆಂಗಳೂರು ಮೈಸೂರಿಗೆ ಸೇರಿದ ಮೇಲೆಯೂ ಕಾಡಿನ ಆಚೆಯ ಆನೇಕಲ್ಲು ಸುಗಟೂರು ವಂಶದ ಪಾಳೆಯಗಾರರದಾಗಿಯೇ ಉಳಿಯಿತು. ಅದು ಹೈದರನ ಕೈಗೆ ಬಂದುದು ೧೭೬೦ ರ ಸುಮಾರಿಗೆ. ಎಂದರೆ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬನ್ನೇರುಘಟ್ಟದ ಅರಣ್ಯವು ಎರಡು ರಾಜ್ಯಗಳ ನಡುವಣ ಗಡಿ. ಅರೆಕೆರೆಯಿಂದ ದಕ್ಷಿಣಕ್ಕೆ ಸಾಗುವ ಹಾದಿಯು ಆ ಕಾಲದಲ್ಲಿ ಸಾಮಾನ್ಯವಾದ ಕಾಲುದಾರಿಯಲ್ಲ. ಅದರ ತುದಿಯಲ್ಲಿ ಪರರ ನೆಲವಿದ್ದಿತು.

ಗಡಿಯಲ್ಲಿ ಅಂಚೆಯವನು ಏನು ಮಾಡುತ್ತಿದ್ದನೆಂಬುದಕ್ಕೆ ವಿಲ್ಕ್ಸರ ಬರಹವು ಬೆಳಕು ಕೊಡುತ್ತದೆ. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಅವರು ೧೮೧೦ ರಲ್ಲಿ ಪ್ರಕಟಿಸತೊಡಗಿದ ಚರಿತ್ರೆಯಲ್ಲಿ, ಚಿಕ್ಕದೇವರಾಜರ ಅಂಚೆಯು ಸುದ್ದಿಯನ್ನು ಸಾಗಿಸುವುದಕ್ಕಷ್ಟೇ ಅಲ್ಲದೆ ಸುದ್ದಿಯನ್ನು ಸಂಪಾದಿಸುವುದಕ್ಕೂ ಏರ್ಪಟ್ಟುದಾಗಿದ್ದಿತೆಂದೂ, ಅಂಚೆಯ ಅಧಿಕಾರಿಗಳು ದೊರೆಯ ಆಪ್ತರಾಗಿ ಸೀಮೆಯ ಗುಟ್ಟುಗಳನ್ನು ತಿಳಿಸುತ್ತಿದ್ದರೆಂದೂ, ಕೆಳಗಣ ನೌಕರರು ಬೇಹಿನವರೇ ಆಗಿದ್ದರೆಂದೂ ಹೇಳಿದ್ದಾರೆ. ಹಾಗಾದರೆ ಹಳ್ಳಿಯ ಜನರು ಗೆಜ್ಜೆಯ ಸದ್ದನ್ನು ಕೇಳಿ ಸಂತೋಷಪಟ್ಟರೋ ಬೆದರಿದರೋ? ಕಾಗದವನ್ನು ತಲಪಿಸುವವನೇ ಕಿವಿಯನ್ನೂ ತೆರೆದುಕೊಂಡು ಓಡುವನೆಂದು ತಿಳಿದ ಮೇಲೆ ಅರವಟ್ಟಿಗೆಯ ನೆರಳಿನಲ್ಲಿ ಮಾತು ತಗ್ಗಿರಲೂ ಸಾಕು. ಓಟಗಾರನನ್ನು ಕೇವಲ ಕರುಣೆಯಿಂದ ನೋಡುವ ಕವಿಗಳ ದೃಷ್ಟಿಗೆ ಚರಿತ್ರಕಾರನು ಇದನ್ನೂ ಸೇರಿಸಬೇಕಾಗುವುದು.

೬

ಕಾಡಿನ ಓಟದ ಕಷ್ಟವು ಬೇರೆಯಾದುದು. ಬನ್ನೇರುಘಟ್ಟದ ಅರಣ್ಯವು ಎಲೆಯುದುರುವ ಒಣಕಾಡು. ದಿಂಡಿಗ, ಜಾಲಾರಿ, ಕಗ್ಗಲಿ, ಬಿದಿರು, ಶ್ರೀಗಂಧ ಇಲ್ಲಿಯ ಮರಗಳು. ಬೇಸಗೆಯಲ್ಲಿ ಎಲೆಯುದುರಿ ದೂರದವರೆಗೂ ಕಾಣುವುದು, ಆದರೆ ನೀರಿರುವುದಿಲ್ಲ. ಮಳೆಗಾಲದಲ್ಲಿ ನೀರಿರುವುದು, ಆದರೆ ಹಸುರು ಮುಚ್ಚಿಕೊಂಡು ಹತ್ತು ಮಾರು ಮುಂದೆ ಏನಿದೆಯೆಂದು ತಿಳಿಯದು. ಸುವರ್ಣಮುಖಿಯ ಹಳ್ಳವು ಈ ಕಾಡಿನೊಳಗೆ ಹರಿಯುತ್ತದೆ. ನೀರನ್ನು ಅರಸಿ ಬರುವುದು ಮನುಷ್ಯನೊಬ್ಬನೇ ಅಲ್ಲ. ಇದು ಹಿಂದಿನಿಂದಲೂ ಆನೆಗಳು ತಿರುಗುವ ನೆಲ. ಆನೇಕಲ್ಲೆಂಬ ಹೆಸರನ್ನು ರೈಸರು ಆಲಿಕಲ್ಲೆಂಬ ಅರ್ಥದಿಂದ ವಿವರಿಸಿದರೂ ಜನರ ಕಿವಿಗೆ ಆನೆಯೇ ಮೊದಲು ಕೇಳಿಸುವುದು.

ಇಂತಹ ಕಡೆ ಗೆಜ್ಜೆಕೋಲಿಗೆ ಮೂರು ಕೆಲಸ. ಮುಂದಿನ ಠಾಣೆಯವನನ್ನು ಎಚ್ಚರಿಸುವುದು ಒಂದು. ದಾರಿಯಲ್ಲಿರುವವರನ್ನು ಪಕ್ಕಕ್ಕೆ ಸರಿಸುವುದು ಎರಡು. ಮೃಗವು ಗಾಬರಿಯಿಂದ ಮೇಲೆ ಬೀಳದಂತೆ ಮನುಷ್ಯನು ಬರುವುದನ್ನು ಅದಕ್ಕೆ ಮೊದಲೇ ತಿಳಿಸುವುದು ಮೂರು. ಭಾರತದ ಇತರ ಭಾಗಗಳಲ್ಲಿ ರಾತ್ರಿಯ ಹೊತ್ತು ಕಾಡುದಾರಿಯಲ್ಲಿ ಓಟಗಾರನೊಡನೆ ಪಂಜಿನವನನ್ನೂ ತಮಟೆಯವನನ್ನೂ ಕಳುಹಿಸುವ ಪದ್ಧತಿಯಿದ್ದಿತು. ತಿರುವಾಂಕೂರಿನ ಅಂಚಲಿನ ಓಟಗಾರನು ಗೆಜ್ಜೆಯ ಕೋಲನ್ನು ಹಿಡಿದು ಬರುವಾಗ ದಾರಿಯವರು ಅವನಿಗೆ ಎಡೆಗೊಡಬೇಕಾಗಿದ್ದಿತು. ಆ ವ್ಯವಸ್ಥೆಯು ೧೯೫೧ ರಲ್ಲಿ ಭಾರತ ಸರ್ಕಾರದ ಅಂಚೆಯಲ್ಲಿ ಸೇರುವವರೆಗೂ ನಡೆಯಿತು.

ಓಟದ ವೇಗವನ್ನು ಇನ್ನೊಂದು ರೀತಿಯಿಂದ ಮನಗಾಣಬಹುದು. ೧೭೯೯ ರ ಮಾರ್ಚ್ ೫ ರಂದು ಜನರಲ್ ಹ್ಯಾರಿಸನ ಸೈನ್ಯವು ಮೈಸೂರಿನ ಎಲ್ಲೆಯನ್ನು ದಾಟಿ ಆನೇಕಲ್ಲಿನ ಕಡೆಯಿಂದ ಬಂದು, ಬೆಂಗಳೂರನ್ನು ಬಲಕ್ಕೆ ಬಿಟ್ಟು, ತಲಘಟ್ಟಪುರ ಕಾನಕಾನಹಳ್ಳಿಗಳ ಮಾರ್ಗವಾಗಿ ಮಾರ್ಚ್ ೨೭ ರಂದು ಮಳವಳ್ಳಿಯಲ್ಲಿ ಟಿಪ್ಪುವಿನ ಸೈನ್ಯವನ್ನು ಎದುರಿಸಿತು. ಟಿಪ್ಪುವಿನ ಕಡೆಯವರು ಮೇವನ್ನು ಸುಟ್ಟುದರಿಂದ ಎತ್ತುಗಳು ಗುಂಪುಗುಂಪಾಗಿ ಸತ್ತುವು. ನೂರು ಮೈಲಿಗೆ ಒಳಗಣ ದಾರಿಗೆ ಇಪ್ಪತ್ತೆರಡು ದಿನಗಳು ಹಿಡಿದುವು. ಗಂಟೆಗೆ ನಾಲ್ಕು ಮೈಲಿಯೆಂದು ಬಹು ಮಿತವಾಗಿ ಲೆಕ್ಕಹಿಡಿದರೂ, ಕೈಬದಲಿಸುತ್ತ ಓಡುವ ಅಂಚೆಯು ಒಂದು ಹಗಲು ಒಂದು ರಾತ್ರಿಯಲ್ಲಿ ತೊಂಬತ್ತಾರು 
ಮೈಲಿ ಹೋಗುವುದು. ಸಾಮ್ರಾಜ್ಯವನ್ನು ಗೆಲ್ಲುವ ಸೈನ್ಯವು ಮೂರು ವಾರಗಳಲ್ಲಿ ನಡೆದುದನ್ನು ಅದರ ಸುದ್ದಿಯು ಒಂದು ದಿನದಲ್ಲಿ ನಡೆಯಬಲ್ಲುದಾಗಿದ್ದಿತು. ಅಂಚೆಯನ್ನು ದೊರೆಗಳು ಅಷ್ಟು ಜೋಪಾನದಿಂದ ಇಟ್ಟುಕೊಂಡುದು ಏಕೆಂಬುದಕ್ಕೆ ಬೇರೆ ವಿವರಣೆ ಬೇಡ. ಅದೇ ವರ್ಷ ಮೇ ೪ ರಂದು ಶ್ರೀರಂಗಪಟ್ಟಣವು ಬಿದ್ದಿತು. ದಿವಾನ್ ಪೂರ್ಣಯ್ಯನವರ ಆಡಳಿತದಲ್ಲಿ ಮೈಸೂರಿನ ಅಂಚೆಯು ಮತ್ತೆ ನಡೆದುಬಂದಿತು.

೭

ಓಟದ ಅಂಚೆಯನ್ನು ಕೊನೆಗಾಣಿಸಿದುದು ಯಾವ ಶತ್ರುವೂ ಅಲ್ಲ, ರಸ್ತೆ. ೧೮೩೪ ರಿಂದ ೧೮೬೧ ರವರೆಗೆ ಕಮಿಷನರಾಗಿದ್ದ ಸರ್ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಸುಮಾರು ೧೬೦೦ ಮೈಲಿಗಳಷ್ಟು ರಸ್ತೆಗಳಾದುವು. ೧೮೬೪ ರಲ್ಲಿ ಜೋಲಾರ್‌ಪೇಟೆಯ ಕಡೆಯಿಂದ ರೈಲು ಬೆಂಗಳೂರಿಗೆ ಬಂದಿತು. ೧೮೮೨ ರಲ್ಲಿ ಅದು ಮೈಸೂರನ್ನು ಮುಟ್ಟಿತು. ಗಾಡಿಯೂ ರೈಲೂ ಹೋಗುವ ದಾರಿಯಲ್ಲಿ ಓಟಗಾರನಿಗೆ ಕೆಲಸವಿಲ್ಲ. ಅವನು ಹೆದ್ದಾರಿಯನ್ನು ಬಿಟ್ಟು ಕವಲುದಾರಿಗೆ, ಕವಲುದಾರಿಯನ್ನು ಬಿಟ್ಟು ಕಾಡುದಾರಿಗೆ ಸರಿಯುತ್ತ ಹೋದನು. ೧೮೮೯ ರಲ್ಲಿ, ಶೇಷಾದ್ರಿ ಅಯ್ಯರವರು ದಿವಾನರಾಗಿದ್ದಾಗ, ಎರಡು ಶತಮಾನಗಳ ಮೈಸೂರಿನ ಅಂಚೆಯು ಬ್ರಿಟಿಷ್ ಇಂಡಿಯದ ಅಂಚೆಯಲ್ಲಿ ಸೇರಿಹೋಯಿತು. ವಿಶೇಷವೆಂದರೆ ವ್ಯವಸ್ಥೆಯು ಹೋದರೂ ಹೆಸರು ಹೋಗಲಿಲ್ಲ. ತಪ್ಪಾಲು, ಪೋಸ್ಟು ಎಂಬ ಮಾತುಗಳು ಬಂದರೂ ಕನ್ನಡಿಗರು ಇಂದಿಗೂ ಅಂಚೆಯೆಂದೇ ಹೇಳುತ್ತಾರೆ. ಸೋತ ಸಂಸ್ಥೆಯ ಹೆಸರು ಗೆದ್ದ ಸಂಸ್ಥೆಗೆ ಅಂಟಿಕೊಂಡುದಕ್ಕೆ ಇದು ಒಳ್ಳೆಯ ಉದಾಹರಣೆ.

ಓಟಗಾರನಿಗೆ ಸಾಹಿತ್ಯದಲ್ಲಿ ಸಂದ ಗೌರವವು ಸ್ವಲ್ಪವೇ. ಬಂಗಾಳಿಯಲ್ಲಿ, ಚಿಕ್ಕ ವಯಸ್ಸಿನಲ್ಲಿಯೇ ೧೯೪೭ ರಲ್ಲಿ ತೀರಿಕೊಂಡ ಸುಕಾಂತ ಭಟ್ಟಾಚಾರ್ಯನು ಅವನನ್ನೇ ಕುರಿತು ‘ರಾನಾರ್’ ಎಂಬ ಕವಿತೆಯನ್ನು ಬರೆದನು; ಅದು ಹಾಡಾಗಿ ಮನೆಮನೆಗೂ ಮುಟ್ಟಿತು. ಓಟದ ಅಂಚೆಯನ್ನು ಇನ್ನೂರು ವರ್ಷ ನಡಸಿದ ನಾಡಿನ ಭಾಷೆಯಲ್ಲಿ ಅಂತಹ ಪ್ರಸಿದ್ಧಿಯುಳ್ಳ ಕವಿತೆಯೊಂದು ಅವನಿಗೆ ಸಲ್ಲದಿರುವುದು ಯೋಚಿಸಬೇಕಾದ ವಿಷಯ.

೮

ಕಾಡಿನ ಗತಿಯನ್ನೂ ಹೇಳಿ ಮುಗಿಸುತ್ತೇನೆ. ಬನ್ನೇರುಘಟ್ಟದ ಅರಣ್ಯವನ್ನು ೧೯೭೪ ರಲ್ಲಿ ರಾಷ್ಟ್ರೀಯ ಉದ್ಯಾನವನ್ನಾಗಿ ಮಾಡಿದರು. ಮುಂದೆ ಅದನ್ನು ವಿಸ್ತರಿಸಿದ ಮೇಲೆ ಅದರ ಹರವು ಸುಮಾರು ೨೬೦ ಚದರ ಕಿಲೋಮೀಟರಾಯಿತು. ಕಾಡಿಗೆ ಹೀಗೆ ಎಲ್ಲೆಯೂ ಕಾಯ್ದೆಯೂ ದೊರೆತುವು. ಆದರೆ ಕಾಡಿಗೂ ಕೋಟೆಗೂ ನಡುವೆ ಇದ್ದ ಹೊಲಕೆರೆಗಳ ನೆಲಕ್ಕೆ ಅಂತಹ ಕಾಪು ಇರಲಿಲ್ಲ. ೨೦೦೭ ರಲ್ಲಿ ಬೊಮ್ಮನಹಳ್ಳಿಯೇ ಮೊದಲಾದ ಹೊರವಲಯಗಳು ಮಹಾನಗರಕ್ಕೆ ಸೇರಿದುವು. ಅರೆಕೆರೆಯು ಹಳ್ಳಿಯೆಂಬುದು ಈಗ ಕ್ರಯಪತ್ರಗಳಲ್ಲಿ ಉಳಿದಿರುವ ಮಾತು. ಆದರೂ ಓಟವು ಈ ಸೀಮೆಯನ್ನು ಬಿಟ್ಟುಹೋಗಿಲ್ಲ. ಬೆಳಗಿನ ಜಾವದಲ್ಲಿ ದೇಹಾರೋಗ್ಯಕ್ಕಾಗಿ ಓಡುವವರು ಕೆರೆಯ ಏರಿಗಳಲ್ಲಿಯೂ, ಪಶ್ಚಿಮಕ್ಕೆ ಕನಕಪುರದ ರಸ್ತೆಯ ಬಳಿಯ ತುರಹಳ್ಳಿಯ ಕಾಡಿನಲ್ಲಿಯೂ ಕಾಣುತ್ತಾರೆ. ೨೦೨೧ ರಲ್ಲಿ ಆ ಕಾಡಿನಲ್ಲಿ ವೃಕ್ಷೋದ್ಯಾನವನ್ನು ಮಾಡುವ ಯೋಜನೆ ಬಂದಾಗ ಅದನ್ನು ವಿರೋಧಿಸಿ, ಕಾಡು ಕಾಡಾಗಿಯೇ ಇರಲೆಂದು ಜನರು ಗುಂಪುಗೂಡಿ ಕೇಳಿದರು. ಹೊಟ್ಟೆಪಾಡಿಗಾಗಿ ಓಡಿದವನ ದಾರಿಯಲ್ಲಿ ಹೊಟ್ಟೆ ಕರಗಿಸಲು ಓಡುವ ಕಾಲ ಬಂದುದನ್ನು ನೋಡಿ ನಗುವವರು ನಗಲಿ. ನೆಲದ ಮೇಲೆ ಕಾಲೂರಿ ಓಡುವವನಿಗೆ ಆ ನೆಲದ ಮೇಲೆ ಪ್ರೀತಿ ಹುಟ್ಟುವುದೆಂಬುದು ಮಾತ್ರ ಇದರಿಂದ ತಿಳಿಯುವುದು.

ವಿದ್ವಾಂಸರಿಂದ ಆಗಬೇಕಾದ ಕೆಲಸವೊಂದಿದೆ. ಕಂದಾಯ ಇಲಾಖೆಯ ಹಳೆಯ ಗ್ರಾಮನಕಾಶೆಗಳಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಗುರುತುಮಾಡಿರುವುದುಂಟು. ಒಂದೊಂದು ಊರಿನ ನಕಾಶೆಯನ್ನೂ ಪಕ್ಕದೂರಿನ ನಕಾಶೆಗೆ ಜೋಡಿಸಿ ನೋಡಿದರೆ ಕಡಿದುಹೋದ ಹಾದಿಗಳು ಕಾಗದದ ಮೇಲಾದರೂ ಕೂಡಿಕೊಳ್ಳುವುವು. ಗುಂಡುತೋಪು, ಅಶ್ವತ್ಥಕಟ್ಟೆ, ಅರವಟ್ಟಿಗೆಯ ಜಾಗ, ಕೆರೆಯ ಏರಿಯ ಮೇಲಣ ಕಲ್ಲು, ಇವುಗಳನ್ನು ಆ ಹಾದಿಗಳ ಮೇಲೆ ಗುರುತಿಸಬೇಕು. ಊರಿನ ಮುದುಕರನ್ನು ಕೇಳಬೇಕಾದುದು ಇನ್ನೂ ಜರೂರು. ನಕಾಶೆಯು ಕಚೇರಿಯಲ್ಲಿ ಕಾಯುವುದು, ಮುದುಕರು ಕಾಯಲಾರರು. ಸಾಹಿತ್ಯದ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳಿಗೆ ಊರ ಹೆಸರುಗಳನ್ನು ದಾರಿಯ ಕ್ರಮದಲ್ಲಿ ಬರೆದು ತರಲು ಹೇಳಿದರೆ ಈ ಕೆಲಸದ ಅರ್ಧವು ಒಂದು ಬೇಸಗೆಯ ರಜೆಯಲ್ಲಿ ಆಗುವುದು.

ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನ ವೀರಗಲ್ಲಿನಂತೆಯೇ ಆತಕೂರಿನ ಕಲ್ಲೂ ಇದೆ. ಕ್ರಿ. ಶ. ೯೪೯ ರ ಆ ಕಲ್ಲು, ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ಬೇಟೆನಾಯಿಯ ಸ್ಮಾರಕ. ಸ್ವಾಮಿಕಾರ್ಯದಲ್ಲಿ ಸತ್ತ ನಾಯಿಯನ್ನೂ ನಮ್ಮ ಹಿರಿಯರು ಮರೆಯಲಿಲ್ಲ. ಅದೇ ಮನೆಯಲ್ಲಿ, ಅದೇ ಕಾಲದ ಕಲ್ಲುಗಳ ನಡುವೆ, ಓಲೆಯನ್ನು ಹೊತ್ತು ಕಾಡನ್ನು ಹಾಯ್ದವನಿಗೆ ನಿಂತ ಕಲ್ಲನ್ನು ನಾನು ಕಂಡಿಲ್ಲ. ಅವನ ಸ್ಮಾರಕವು ಅವನು ತುಳಿದ ದಾರಿ. ಅದನ್ನು ಓದುವ ಲಿಪಿಯು ಊರ ಹೆಸರುಗಳಲ್ಲಿಯೂ ಹರದಾರಿಯೆಂಬ ಮಾತಿನಲ್ಲಿಯೂ ಇನ್ನೂ ಉಳಿದಿದೆ, ಉಳಿದಿರುವಾಗಲೇ ಓದಬೇಕು.